ಆರನೆಯ ಪ್ರಶ್ನೆ

ಮಾನ್ಯ ವಾಚಕ ಮಹಾಶಯರೇ, ಈ ಸಂಗತಿಯಲ್ಲಿ ನಾನು ಬರಿಯ ಅಳತೆಗಾರನೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಮಕ್ಕಳಿಗೆ ಲಸಿಕೆ ಹಾಕಿಸಲು ಹೆತ್ತವರು ಎಷ್ಟು ಹಿಂಜರಿಯುತ್ತಾರೆಂದು ಮನೆಮನೆಗೆ ಹೋಗಿ ಕೇಳುವುದು ನನ್ನ ಉದ್ಯೋಗ. ಉತ್ತರಕ್ಕೆ ಒಂದರಿಂದ ಐದರವರೆಗೆ ಅಂಕ. ಒಂದೆಂದರೆ ಹಿಂಜರಿಕೆಯೇ ಇಲ್ಲ. ಐದೆಂದರೆ ಪೂರ್ತಿ ಅನುಮಾನ. ಪ್ರಶ್ನೆಗಳನ್ನು ಅಚ್ಚಾದಂತೆಯೇ ಓದಬೇಕು. ನನ್ನ ಅಭಿಪ್ರಾಯ ಬಾಯಲ್ಲಾಗಲಿ ಮುಖದಲ್ಲಾಗಲಿ ಕಾಣಬಾರದು. ಇದು ನಿಯಮ.

ಎರಡನೆಯ ಮಹಡಿಯ ಹೊಲಿಗೆಯವಳು ಹೊಸ್ತಿಲಲ್ಲಿ ಕುಳಿತು ಒಂದೂವರೆ ವರ್ಷದ ಮಗಳಿಗೆ ಬೂಟು ಹಾಕುತ್ತಿದ್ದಳು. ಅವಳ ಅತ್ತೆ ಲಸಿಕೆಯ ಕಾರ್ಡು ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ದಡಾರದ ಎರಡನೇ ಸೂಜಿಗೆ ಹೊರಟಿದ್ದೀವಿ ಸಾರ್. ಹಿಂದಿನ ಬೀದೀಲಿ ಮೂರು ಮಕ್ಕಳಿಗೆ ಎದ್ದಿದೆ. ಬೇಗ ಕೇಳ್ಬಿಡಿ."

ಐದು ಪ್ರಶ್ನೆಗಳಿಗೂ ಅವಳು ತಲೆಯೆತ್ತದೆ "ಒಂದು" ಎಂದಳು. "ಮತ ಕೇಳೋಕೆ ಬಂದೋರೂ ಇಷ್ಟು ಕೇಳಲ್ಲಪ್ಪ" ಎಂದು ಅತ್ತೆ ಗೊಣಗಿದರು.

ಆರನೆಯದನ್ನು ಓದಿದೆ: "ಲಸಿಕೆಯ ದುಷ್ಪರಿಣಾಮಗಳನ್ನು ನಿಮ್ಮಿಂದ ಮುಚ್ಚಿಡಲಾಗುತ್ತಿದೆ ಎಂದು ನಿಮಗೆ ಎಷ್ಟರಮಟ್ಟಿಗೆ ಅನಿಸುತ್ತದೆ?"

ಎರಡನೆಯ ಬೂಟಿನ ಪಟ್ಟಿ ಅಂಟಿಸುತ್ತಿದ್ದ ಕೈ ನಿಂತಿತು. "ಮುಚ್ಚಿಡ್ತಿದಾರಾ?"

"ಅದು ಪ್ರಶ್ನೆ ಅಷ್ಟೇ. ನಿಮಗೆ ಅನಿಸಿದ್ದನ್ನ ಹೇಳಿ."

"ನನಗೆ ಅನಿಸಿರಲಿಲ್ಲ. ಇದನ್ನ ಬರೆದೋರಿಗೆ ಅನಿಸಿದೆಯಲ್ಲ. ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅವಳು ನನ್ನ ಮುಖವನ್ನೇ ನೋಡಿದಳು. "ನಿಮ್ಮ ಮಕ್ಕಳಿಗೆ ಹಾಕ್ಸಿದ್ದೀರಾ?"

ನಾನು ನಿಯಮದಂತೆ ಮೌನವಾಗಿದ್ದೆ. ಆದರೆ ಬೆರಳುಗಳು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ, ಮತ್ತೆ ಹಾಕುತ್ತ ಇದ್ದವು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದರು ಅತ್ತೆ. ಕಾರ್ಡು ಅವರ ಸೆರಗಿನೊಳಗೆ ಸೇರಿತು. "ಇವತ್ತು ಬೇಡ ಬಿಡೇ. ನಿನ್ನ ಗಂಡ ಬರ್ಲಿ, ವಿಚಾರಿಸೋಣ."

ಹಿಂದಿನ ಬೀದಿಯ ಮೂರು ಮಕ್ಕಳು ನನ್ನ ಕಣ್ಣ ಮುಂದೆ ಬಂದರು. ಕಾಗದವನ್ನು ಮಡಿಚಿ ಹೇಳಿದೆ: "ನನ್ನ ಇಬ್ಬರಿಗೂ ಎಲ್ಲ ಸೂಜೀನೂ ಹಾಕ್ಸಿದ್ದೀನಿ, ತಾಯಿ. ಹೋಗಿ ಬನ್ನಿ."

"ಮತ್ತೆ ಆಗ್ಲೇ ನಾನು ಕೇಳಿದಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಹೇಳಬಾರದು ಅಂತ ನಿಯಮ."

"ಈಗ ಆ ನಿಯಮ ಎಲ್ಲಿ ಹೋಯ್ತು?"

ಮಡಿಚಿದ ಕಾಗದವನ್ನು ಮತ್ತೆ ಬಿಡಿಸಿದೆ. "ಬರ್ಕೊಳ್ಳಿ, ಐದು" ಎಂದಳು.

ಬರೆದುಕೊಂಡೆ. ಕಾಗದಗಳನ್ನು ಚೀಲಕ್ಕೆ ತುಂಬಿ, ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದೆ. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಮನೆಗಳಿದ್ದವು. ಬೆನ್ನ ಹಿಂದೆ, ಪುಟ್ಟ ಬೂಟುಗಳ ಪಟ್ಟಿಗಳನ್ನು ಒಂದಾದ ಮೇಲೊಂದು ಚರ್ರನೆ ಕೀಳುವ ಸದ್ದು ಕೇಳಿಸಿತು.