ಗಂಜಿ ಹತ್ತಿದ ಮೌಸ್

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂದರೆ ನನಗೆ ಇಂದಿಗೂ ನಾರಾಯಣಪೇಟೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪ್ರತ್ಯೇಕ ತೆಲಂಗಾಣಕ್ಕಾಗಿ ಬಂದ್ ನಡೆದು ಶಾಲೆ ಮುಚ್ಚಿತ್ತು. ಅಣ್ಣನೂ ನಾನೂ ಹಳೆಯ ಕಂಪ್ಯೂಟರಿನಲ್ಲಿ ಒಂದು ಸಾಹಸದ ಆಟ ಆಡುತ್ತಿದ್ದೆವು. ಅದರಲ್ಲೊಂದು ಕಲ್ಲಿನ ಬಾಗಿಲಿತ್ತು. ಅದರ ಮೇಲಿನ ಬಣ್ಣದ ಪಟ್ಟಿಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ಮಾತ್ರ ತೆರೆಯುತ್ತಿತ್ತು. ಸೋತ ಪ್ರತಿ ಸಲವನ್ನೂ ನಾನು ತಾರೀಖು ಹಾಕಿ ಬರೆದಿಟ್ಟಿದ್ದೆ. ಮೂವತ್ತೇಳಾಗಿತ್ತು. ಆ ಬಾಗಿಲನ್ನು ನಾನೇ ತೆರೆಯಬೇಕೆಂದು ಹಟ ಹಿಡಿದಿದ್ದೆ.

ಶುಕ್ರವಾರ ಮಧ್ಯಾಹ್ನ ನಾವಿಬ್ಬರೂ ನೀರು ತಂದು ಒಳಗೆ ಬಂದರೆ ಆಟದ ಆ ಕಲ್ಲಿನ ಬಾಗಿಲು ತೆರೆದಿತ್ತು.

"ನೀನೇ ಕದ್ದು ಆಡೀದಿ," ಎಂದು ಅಣ್ಣನ ಮೇಲೆ ಹರಿಹಾಯ್ದೆ.

"ನಿನ್ನ ಜೋಡಿನೇ ಕೊಡ ಹೊತ್ತೀನಲ್ಲ! ದೊಡ್ಡ ಪೊಲೀಸ್ ಬಂದ್ಲು," ಎಂದು ನಕ್ಕ.

ಮೌಸ್ ಹಿಡಿದರೆ ಕೈಗೆ ಅಂಟಿತು. ಮೂಸಿ ನೋಡಿದೆ, ಗಂಜಿ. ಅಂಗಳದಲ್ಲಿ ಸೀರೆ ನೇಯುವ ನೂಲಿಗೆ ಗಂಜಿ ಹಚ್ಚುತ್ತಿದ್ದ ಅವ್ವನ ಹತ್ತಿರ ಹೋದೆ.

"ಬಾಗಿಲು ನೀ ತೆಗೆದಿಯೇನವ್ವಾ?"

ಅವ್ವ ತಲೆ ಎತ್ತಲಿಲ್ಲ. "ನೀ ಯಾವಾಗ್ಲೂ ಎಡದಿಂದ ಒತ್ತತಿದ್ದಿ. ಅದು ಸೀರಿ ಪಟ್ಟಿ ಇದ್ದಂಗ ಐತಿ. ಎರಡೂ ಅಂಚಿನಿಂದ ಒಂದೊಂದು ಒತ್ತಿ ನಡುವಿಗೆ ಬರಬೇಕು. ನಿಮ್ಮಪ್ಪಗ ಹೇಳಬ್ಯಾಡ."

ನನಗೆ ಅಳು ಬಂತು. ನನ್ನ ಬಾಗಿಲನ್ನು ಇನ್ನೊಬ್ಬರು ತೆರೆದಿದ್ದರು.

ಅವ್ವನ ಕೈ ನಿಂತಿತು. "ಬಾಗಿಲ ಆ ಕಡೆ ಏನೈತಿ?" ಎಂದು ಮೆಲ್ಲಗೆ ಕೇಳಿದಳು. "ತೆಗೆದೆ, ಅಷ್ಟ. ನೂಲು ಒಣಗ್ತಾವ ಅಂತ ನಿಮ್ಮಪ್ಪ ಕೂಗಿದ್ರು. ಒಳಗ ಹೋಗಾಕ ಆಗಲಿಲ್ಲ."