ಎರಡು ಹಾಡಿನ ಬ್ಯಾಟರಿ

"ಒಂದಕ್ಷರ ಸುಳ್ಳಿದ್ರೆ ಇವತ್ತೇ ಅಂಗಡಿ ಮುಚ್ತೀನಿ ಕಣಮ್ಮಾ," ಎನ್ನುತ್ತ ರಿಪೇರಿ ಸಿದ್ದಬಸಪ್ಪ ಹಳೆಯ ಸ್ಪೀಕರಿನ ಹೊಟ್ಟೆ ಬಿಚ್ಚಿದ. ಬ್ಯಾಟರಿ ಬೋಂಡದಂತೆ ಉಬ್ಬಿತ್ತು. "ಇದನ್ನ ಎಸೀಲೇಬೇಕು. ಹಾಡೋರು ನೀವಾ?"

"ನಮ್ಮೆಜಮಾನ್ರು. ರಿಟೈರಾದಾಗಿಂದ ಕರೋಕೆ ಹುಚ್ಚು. ಎರಡು ಹಾಡಿಗೇ ಇದು ನಿಂತೋಗುತ್ತೆ."

"ಅಯ್ಯೋ ಪಾಪ! ಹೊಸದು ಹಾಕಿದ್ರೆ ನೂರು ಹಾಡು. ಹೋದ್ವಾರ ಒಬ್ರಿಗೆ ಹಾಕ್ಕೊಟ್ಟೆ. ಸ್ವಿಚ್ ಆಫ್ ಮಾಡಿದ್ರೂ ಮೂರು ದಿನ ಹಾಡ್ತಾನೇ ಇತ್ತಮ್ಮಾ, ಬೀದಿ ನಾಯಿಗಳೆಲ್ಲ ಊರು ಬಿಟ್ವು!"

ಆಕೆ ಕಣ್ಣರಳಿಸಿದರು. "ನಿಜವಾ?"

ಸಿದ್ದಬಸಪ್ಪನಿಗೆ ಹುರುಪೇರಿತು. "ಸಾಲ್ದು ಅಂದ್ರೆ ಇನ್ನೂರು ಹಾಡಿಂದೂ ಇದೆ. ಯಾವುದು ಹಾಕ್ಲಿ?"

ಹೊರಗೆ ಆಟೋದಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಗಂಡನತ್ತ ನೋಡಿ ಆಕೆ ದನಿ ತಗ್ಗಿಸಿದರು:

"ಒಂದೇ ಹಾಡಿಗೆ ನಿಲ್ಲೋದು ಇದ್ಯೇನಪ್ಪಾ?"