ಉತ್ತರದಿಂದ ಅಳೆಯಬೇಕು

ಬಂದರಿನ ವೈರ್‌ಲೆಸ್ ಕೋಣೆಯ ಕೆಲಸ ಬಿಟ್ಟು, ಮೇಷ್ಟ್ರು ಮನೆಯಲ್ಲೇ ಟ್ಯೂಷನ್ ಹೇಳತೊಡಗಿ ಹನ್ನೆರಡು ವರ್ಷವಾಗಿತ್ತು. ತ್ರಿಕೋನಮಿತಿಗೆ ಬಂದಾಗ ಪ್ರತಿ ವರ್ಷವೂ ಅದೇ ಲೆಕ್ಕ: ಬೋಟೊಂದು ಬಂದರಿನಿಂದ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರ್, ಅಲ್ಲಿಂದ ದಕ್ಷಿಣಕ್ಕೆ ನಲವತ್ತು ಹೋಗಿದೆ. ನೇರವಾಗಿ ಬಂದರಿಗೆ ಮರಳಲು ಉತ್ತರದಿಂದ ಪೂರ್ವಕ್ಕೆ ಎಷ್ಟು ಡಿಗ್ರಿ ತಿರುಗಬೇಕು?

ಈವರೆಗೆ ಒಂದು ಲೆಕ್ಕವನ್ನೂ ತಪ್ಪು ಮಾಡದ ಹುಡುಗಿ ಐವತ್ತಮೂರು ಎಂದು ಬರೆದು ತಂದಳು. ಮೇಷ್ಟ್ರು ಕೆಂಪು ಪೆನ್ನಿನಿಂದ ಅದನ್ನು ಹೊಡೆದುಹಾಕಿದರು.

“ಪೂರ್ವದಿಂದ ಅಳೆದಿದ್ದೀಯ! ಉತ್ತರದಿಂದ ಅಳೀಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ? ಮೂವತ್ತೇಳು ಬರ್ಬೇಕು.”

“ಹದಿನಾರು ಡಿಗ್ರಿ ತಾನೇ ಸಾರ್ ವ್ಯತ್ಯಾಸ?”

“ಬೋಟು ಬಂಡೆಗೆ ಬಡಿಯೋಕೆ ಅಷ್ಟು ಸಾಕು.”

“ಲೆಕ್ಕದಲ್ಲಿ ಬಂಡೆ ಇಲ್ವಲ್ಲ ಸಾರ್.”

ಮೇಷ್ಟ್ರ ಕಿವಿಯಲ್ಲಿ ಹಳೆಯ ವೈರ್‌ಲೆಸ್ಸಿನ ಗರಗರ ಸದ್ದು ಎದ್ದಿತು.

“ಇಷ್ಟು ಜಾಣೆ ನೀನು. ಇದೊಂದನ್ನ ಯಾಕೆ ತಪ್ಪು ಬರೆದೆ?”

“ಮೂವತ್ತೇಳು ಅಂತ ನಂಗೊತ್ತು ಸಾರ್. ಇದು ಅವತ್ತು ನಮ್ಮಪ್ಪ ಬೋಟಿನಿಂದ ವೈರ್‌ಲೆಸ್ಸಿನಲ್ಲಿ ದಿಕ್ಕು ಕೇಳಿದಾಗ ನೀವು ಹೇಳಿದ ಉತ್ತರ.”